ಸಿಮ್ಯುಲೇಟರ್ ತೋರಿಸುವ ಸಮಯವನ್ನು ಎಷ್ಟು ನಂಬಬಹುದು?

ಮೈಕ್ರೋಕಂಟ್ರೋಲರಿಗೆ ಬರೆದ ಪ್ರೋಗ್ರಾಮನ್ನು ಸಿಮ್ಯುಲೇಟರಿನಲ್ಲಿ ಓಡಿಸಿದಾಗ ಪರದೆಯ ಮೂಲೆಯಲ್ಲಿ ಕಾಣುವ ಸೆಕೆಂಡು ಯಾವ ಗಡಿಯಾರವನ್ನೂ ನೋಡಿ ಬರೆದದ್ದಲ್ಲ. ಅದೊಂದು ಭಾಗಾಕಾರದ ಉತ್ತರ. ಯಾವ ಇನ್‌ಸ್ಟ್ರಕ್ಷನ್ನಿಗೆ ಎಷ್ಟು ಸೈಕಲ್ ಎಂಬ ಪಟ್ಟಿ ಸಿಮ್ಯುಲೇಟರಿನೊಳಗೆ ಇರುತ್ತದೆ. ಪ್ರೋಗ್ರಾಮು ಮುಂದೆ ಸಾಗಿದಂತೆ ಅದು ಸೈಕಲ್‌ಗಳನ್ನು ಕೂಡಿಸುತ್ತ ಹೋಗಿ, ಬಳಸುವವರು ಸೆಟ್ಟಿಂಗ್‌ನಲ್ಲಿ ತುಂಬಿದ ಕ್ರಿಸ್ಟಲ್ ಆವರ್ತನದಿಂದ ಭಾಗಿಸಿ ಸಮಯ ತೋರಿಸುತ್ತದೆ. ಆ ಪಟ್ಟಿ ಬೋರ್ಡಿನ ಮೇಲಿರುವ ಚಿಪ್ಪಿನದೇ ಆಗಿದ್ದರೆ, ತುಂಬಿದ ಆವರ್ತನ ಬೋರ್ಡಿನ ಕ್ರಿಸ್ಟಲ್ಲಿನದೇ ಆಗಿದ್ದರೆ, ಚಿಪ್ಪಿನ ಹೊರಗಿನ ಯಾವ ಭಾಗಕ್ಕೂ ಕಾಯುವ ಪ್ರಸಂಗ ಇಲ್ಲದಿದ್ದರೆ ಉತ್ತರ ಸರಿ. ಈ ಷರತ್ತುಗಳಲ್ಲಿ ಒಂದು ತಪ್ಪಿದರೂ ಪರದೆಯ ಮೇಲಿನ ಸಂಖ್ಯೆ ಅಷ್ಟೇ ಖಚಿತವಾಗಿ, ಅಷ್ಟೇ ದಶಾಂಶ ಸ್ಥಾನಗಳೊಂದಿಗೆ ಕಾಣುತ್ತಲೇ ಇರುತ್ತದೆ. ತೊಂದರೆಯ ಮೂಲ ಅದೇ.

ಕರ್ನಾಟಕದಲ್ಲಿ ಈ ಪ್ರಶ್ನೆ ಸಾವಿರಾರು ವಿದ್ಯಾರ್ಥಿಗಳಿಗೆ ನೇರವಾಗಿ ಸಂಬಂಧಿಸಿದ್ದು. 1998ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದವರು 8051ನ್ನೂ, ಕಂಪ್ಯೂಟರ್ ಸೈನ್ಸ್ ವಿಭಾಗದವರು ಎಆರ್‌ಎಂ7 ಜಾತಿಯ ಎಲ್‌ಪಿಸಿ2148ನ್ನೂ ಲ್ಯಾಬಿನಲ್ಲಿ ಕಲಿಯುತ್ತ ಬಂದಿದ್ದಾರೆ. ಎರಡಕ್ಕೂ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಕೈಲ್ ಮೈಕ್ರೋವಿಷನ್. ಜರ್ಮನಿಯಲ್ಲಿ 1982ರಲ್ಲಿ ಶುರುವಾದ ಕೈಲ್ ಕಂಪನಿಯನ್ನು 2005ರಲ್ಲಿ ಎಆರ್‌ಎಂ ಕೊಂಡುಕೊಂಡಿತು. ಅದರ 8051 ಆವೃತ್ತಿ 2 ಕಿಲೋಬೈಟ್ ಕೋಡಿನ ಮಿತಿಯೊಳಗೆ ಉಚಿತವಾಗಿ ಸಿಗುವುದರಿಂದ ಅದು ಲ್ಯಾಪ್‌ಟಾಪಿನೊಂದಿಗೆ ಮನೆಗೂ ಹೋಗುತ್ತದೆ. ಬೆಂಗಳೂರಿನ ಇಎಸ್‌ಎ, ಎಎಲ್‌ಎಸ್ ಮುಂತಾದ ಸಂಸ್ಥೆಗಳ ಕಿಟ್‌ಗಳು ಮಾತ್ರ ಲ್ಯಾಬಿನ ಮೇಜಿನ ಮೇಲೇ ಉಳಿಯುತ್ತವೆ. ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಿಂದಲೋ ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಕಡೆಯ ಹಳ್ಳಿಗಳಿಂದಲೋ ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೆ ಅಥವಾ ಹುಬ್ಬಳ್ಳಿಗೆ ಹೋಗಿ ಬರುವ ವಿದ್ಯಾರ್ಥಿಗೆ ಬೋರ್ಡು ಕೈಗೆ ಸಿಗುವುದು ವಾರದ ಪ್ರಾಕ್ಟಿಕಲ್ ಅವಧಿಯಲ್ಲಿ. ಉಳಿದ ಹೊತ್ತು ಸಿಮ್ಯುಲೇಟರೇ ಬೋರ್ಡು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಕಾಲೇಜು ಮುಚ್ಚಿದಾಗಲಂತೂ ಬಹಳ ಮಂದಿಗೆ ಬೇರೆ ದಾರಿಯೇ ಇರಲಿಲ್ಲ. ಸಿಮ್ಯುಲೇಟರ್ ಬೇಡ ಎನ್ನುವ ವಾದ ಹಾಗಾಗಿ ಇಲ್ಲಿ ನಿಲ್ಲುವುದಿಲ್ಲ. ಅದು ಎಲ್ಲಿಯವರೆಗೆ ನಿಜ ಹೇಳುತ್ತದೆ ಎಂದು ತಿಳಿದುಕೊಳ್ಳುವುದು ಕೆಲಸಕ್ಕೆ ಬರುವ ಮಾತು.

ಹಳೆಯ 8051ರ ಲೆಕ್ಕ ಸರಳ. 1980ರಲ್ಲಿ ಇಂಟೆಲ್ ತಂದ ಈ ಚಿಪ್ಪಿನಲ್ಲಿ ಕ್ರಿಸ್ಟಲ್ಲಿನ 12 ಮಿಡಿತ ಸೇರಿ ಒಂದು ಮಶಿನ್ ಸೈಕಲ್. 12 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿದರೆ ಒಂದು ಮಶಿನ್ ಸೈಕಲ್ ಸರಿಯಾಗಿ 1 ಮೈಕ್ರೋಸೆಕೆಂಡು. ಡಿಲೇ ಲೂಪಿನಲ್ಲಿ ಬರುವ ಡಿಜೆಎನ್‌ಝಡ್ ಇನ್‌ಸ್ಟ್ರಕ್ಷನ್ನಿಗೆ ಎರಡು ಸೈಕಲ್. ರಿಜಿಸ್ಟರಿನಲ್ಲಿ 250 ತುಂಬಿ ಅದು ಸೊನ್ನೆಯಾಗುವವರೆಗೆ ಸುತ್ತಿದರೆ 500 ಮೈಕ್ರೋಸೆಕೆಂಡು. ಈ ಚಿಪ್ಪಿನಲ್ಲಿ ಕ್ಯಾಶ್ ಇಲ್ಲ, ಪೈಪ್‌ಲೈನ್ ಇಲ್ಲ, ಮೆಮೊರಿಗಾಗಿ ಕಾಯುವುದೂ ಇಲ್ಲ. ಒಂದೇ ಇನ್‌ಸ್ಟ್ರಕ್ಷನ್ ಇವತ್ತು ಒಂದು ಸಮಯ, ನಾಳೆ ಒಂದು ಸಮಯ ತೆಗೆದುಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಹಾಗಾಗಿ ಕೈಲ್‌ನ ರಿಜಿಸ್ಟರ್ ಕಿಟಕಿಯಲ್ಲಿ ‘ಸ್ಟೇಟ್ಸ್’ ಎಂಬ ಸಾಲಿನಲ್ಲಿ ಬರುವ ಎಣಿಕೆಯನ್ನು 8051ರ ಮಟ್ಟಿಗೆ ಧೈರ್ಯದಿಂದ ನಂಬಬಹುದು. ಅದರ ಕೆಳಗೆ ‘ಸೆಕ್’ ಎಂದು ಬರುವ ಸಂಖ್ಯೆಯನ್ನು ನಂಬುವ ಮುನ್ನ ಮಾತ್ರ ಆವರ್ತನದ ಸೆಟ್ಟಿಂಗ್ ತೆರೆದು ನೋಡಬೇಕು.

ಲ್ಯಾಬಿನಲ್ಲಿ ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿ. ಪ್ರಾಜೆಕ್ಟ್ ಶುರುಮಾಡುವಾಗ ಚಿಪ್ಪನ್ನು ಆಯ್ದರೆ ಕೈಲ್ ತನ್ನ ಕಡೆಯಿಂದ ಒಂದು ಆವರ್ತನವನ್ನು ತುಂಬಿಕೊಳ್ಳುತ್ತದೆ. ಬೋರ್ಡಿನ ಮೇಲೆ ಸಾಮಾನ್ಯವಾಗಿ ಇರುವುದು 11.0592 ಮೆಗಾಹರ್ಟ್ಸ್. ಈ ವಿಚಿತ್ರ ಸಂಖ್ಯೆಯನ್ನು ಆಯ್ದುಕೊಂಡದ್ದು ಸೀರಿಯಲ್ ಪೋರ್ಟಿಗಾಗಿ: ಅದನ್ನು 12ರಿಂದ, ಮತ್ತೆ 32ರಿಂದ ಭಾಗಿಸಿದರೆ 28,800 ಬರುತ್ತದೆ, ಟೈಮರು ಮೂರಕ್ಕೊಮ್ಮೆ ಉರುಳಿದರೆ ಸರಿಯಾಗಿ 9600 ಬಾಡ್. ಅದೇ ಪ್ರೋಗ್ರಾಮನ್ನು 12 ಮೆಗಾಹರ್ಟ್ಸ್ ಬೋರ್ಡಿಗೆ ಹಾಕಿದರೆ 10,417 ಬರುತ್ತದೆ, ಅಂದರೆ ಶೇ. 8.5ರಷ್ಟು ಹೆಚ್ಚು. ಸೀರಿಯಲ್ ಅಕ್ಷರವೊಂದರಲ್ಲಿ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್. ಸ್ಟಾಪ್ ಬಿಟ್ಟಿನ ನಡುವಿಗೆ ಬರುವ ಹೊತ್ತಿಗೆ ಈ ವ್ಯತ್ಯಾಸ ಬಿಟ್ಟಿನ ಮುಕ್ಕಾಲು ಪಾಲು ದಾಟಿರುತ್ತದೆ. ಓದುವ ಕಡೆ ತಾಳಿಕೊಳ್ಳಬಲ್ಲದ್ದು ಅರ್ಧ ಬಿಟ್ಟಿನಷ್ಟು ಮಾತ್ರ. ಪರಿಣಾಮವಾಗಿ ಕಂಪ್ಯೂಟರಿನ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಸುರಿಯುತ್ತವೆ. ಕೈಲ್‌ನ ಸೀರಿಯಲ್ ಕಿಟಕಿಯಲ್ಲಿ ಇದೇ ಪ್ರೋಗ್ರಾಮು ಶುದ್ಧವಾಗಿ ಅಚ್ಚಾಗುತ್ತದೆ, ಏಕೆಂದರೆ ಆ ಕಿಟಕಿ ಬಾಡ್ ಹೊಂದಿದೆಯೇ ಎಂದು ಪರೀಕ್ಷಿಸುವುದೇ ಇಲ್ಲ. ಬೈಟು ಬಂತು, ತೋರಿಸಿತು. ಪ್ರೋಟಿಯಸ್ ಎಂಬ ಇನ್ನೊಂದು ಸಿಮ್ಯುಲೇಟರಿನ ವರ್ಚುವಲ್ ಟರ್ಮಿನಲ್ ಈ ವಿಷಯದಲ್ಲಿ ಮೇಲು, ಅದಕ್ಕೆ ಬಾಡ್ ಹೇಳಿಕೊಡಬೇಕು, ಹೊಂದದಿದ್ದರೆ ಅದೂ ಕಸವನ್ನೇ ತೋರಿಸುತ್ತದೆ. ಆದರೆ ಪ್ರೋಟಿಯಸ್‌ನಲ್ಲಿ ಬೇರೊಂದು ಬಲೆ ಇದೆ. ನಕ್ಷೆಯ ಮೇಲೆ ಚಿಪ್ಪಿನ ಪಕ್ಕ ಬರೆದ ಕ್ರಿಸ್ಟಲ್ ಬರೀ ಚಿತ್ರ. ಲೆಕ್ಕಕ್ಕೆ ಬರುವುದು ಚಿಪ್ಪಿನ ಗುಣಗಳ ಪೆಟ್ಟಿಗೆಯಲ್ಲಿ ತುಂಬಿದ ಆವರ್ತನ. ಕ್ರಿಸ್ಟಲ್ಲನ್ನೇ ಅಳಿಸಿ ಹಾಕಿದರೂ ಸಿಮ್ಯುಲೇಷನ್ ಓಡುತ್ತದೆ, ಬೋರ್ಡು ಓಡುವುದಿಲ್ಲ.

ಎವಿಆರ್ ಚಿಪ್ಪುಗಳಲ್ಲಿ ಇದೇ ತಪ್ಪು ಇನ್ನೂ ದೊಡ್ಡದಾಗಿ ಬರುತ್ತದೆ. ಅಂಗಡಿಯಿಂದ ತಂದ ಹೊಸ ಎಟಿಮೆಗಾ328ಪಿ ತನ್ನೊಳಗಿನ 8 ಮೆಗಾಹರ್ಟ್ಸ್ ಆರ್‌ಸಿ ಆಸಿಲೇಟರನ್ನು ಎಂಟರಿಂದ ಭಾಗಿಸಿಕೊಂಡು 1 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಕಾರ್ಖಾನೆಯಲ್ಲಿಯೇ ಫ್ಯೂಸು ಹಾಗೆ ಹಾಕಿ ಕಳಿಸಿರುತ್ತಾರೆ. ಪ್ರೋಗ್ರಾಮಿನಲ್ಲಿ 16 ಮೆಗಾಹರ್ಟ್ಸ್ ಎಂದು ಬರೆದು, ಸಿಮ್ಯುಲೇಟರಿಗೂ 16 ಎಂದೇ ಹೇಳಿದರೆ ಅಲ್ಲಿ ಒಂದು ಸೆಕೆಂಡಿನ ಡಿಲೇ ಒಂದೇ ಸೆಕೆಂಡು. ಫ್ಯೂಸು ಮುಟ್ಟದ ಚಿಪ್ಪಿನ ಮೇಲೆ 16 ಸೆಕೆಂಡು. ಆರ್‌ಸಿ ಆಸಿಲೇಟರಿನ ಕಾರ್ಖಾನೆ ನಿಖರತೆಯೇ ಶೇ. 10ರ ಆಚೀಚೆ ಎಂದು ಡೇಟಾಶೀಟು ಹೇಳುತ್ತದೆ, ಅದೂ ಉಷ್ಣತೆ ಮತ್ತು ವೋಲ್ಟೇಜಿನೊಂದಿಗೆ ಸರಿಯುತ್ತದೆ. ಸಿಮ್ಯುಲೇಟರಿನ ಆಸಿಲೇಟರು ಬಿಸಿಲಿಗೂ ಚಳಿಗೂ ಜಗ್ಗುವುದಿಲ್ಲ.

ಚಿಪ್ಪಿನ ಪಟ್ಟಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ ಲ್ಯಾಬ್ ರೆಕಾರ್ಡುಗಳಲ್ಲಿ ವರ್ಷಗಟ್ಟಲೆ ಉಳಿದುಬಂದ 1275 ಎಂಬ ಸಂಖ್ಯೆ ಸಾಕ್ಷಿ. ಮಝೀದಿಯವರ 8051 ಪುಸ್ತಕದಿಂದ ಬಂದ ಡಿಲೇ ಫಂಕ್ಷನ್ ಇದು: ಹೊರಗಿನ ಲೂಪು ಮಿಲಿಸೆಕೆಂಡು ಎಣಿಸುತ್ತದೆ, ಒಳಗಿನ ಲೂಪು 1275 ಸಲ ಸುಮ್ಮನೆ ಸುತ್ತುತ್ತದೆ. ಆ ಪುಸ್ತಕದ ಉದಾಹರಣೆಗಳನ್ನು ಪರೀಕ್ಷಿಸಿದ್ದು ಡಲ್ಲಾಸ್ ಕಂಪನಿಯ ಡಿಎಸ್89ಸಿ420 ಚಿಪ್ಪಿನ ಮೇಲೆ, 11.0592 ಮೆಗಾಹರ್ಟ್ಸ್ ಕ್ರಿಸ್ಟಲ್ಲಿನೊಂದಿಗೆ. ಅದು ಒಂದೇ ಮಿಡಿತಕ್ಕೆ ಒಂದು ಮಶಿನ್ ಸೈಕಲ್ ಮುಗಿಸುವ ಚಿಪ್ಪು. ನಮ್ಮ ಲ್ಯಾಬಿನ ಎಟಿ89ಎಸ್52ಕ್ಕೆ 12 ಮಿಡಿತ ಬೇಕು. ಹಾಗಾಗಿ ಅದೇ 1275 ಇಲ್ಲಿ ಒಂದು ಮಿಲಿಸೆಕೆಂಡಿನ ಬದಲು ಹತ್ತು-ಹನ್ನೊಂದು ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಕೈಲ್‌ನಲ್ಲಿ ಎಟಿ89ಎಸ್52 ಎಂದೇ ಆಯ್ದು ಸಮಯ ನೋಡಿದ್ದರೆ ಇದು ಆ ಕ್ಷಣವೇ ಗೊತ್ತಾಗುತ್ತಿತ್ತು, ಸಿಮ್ಯುಲೇಟರ್ ಇಲ್ಲಿ ಸತ್ಯವನ್ನೇ ಹೇಳುತ್ತದೆ. ಎಲ್‌ಇಡಿ ಮಿನುಗಿದರೆ ಸಾಕು ಎಂದು ಮುಂದೆ ಹೋಗುವುದರಿಂದ ತಪ್ಪು ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಸಾಗುತ್ತದೆ. ಪಿ89ವಿ51ಆರ್‌ಡಿ2 ಇರುವ ಬೋರ್ಡುಗಳಲ್ಲಿ ಇನ್ನೊಂದು ಸುಳಿ: ಆ ಚಿಪ್ಪನ್ನು 12 ಮಿಡಿತಕ್ಕೂ ಹೊಂದಿಸಬಹುದು, 6ಕ್ಕೂ ಹೊಂದಿಸಬಹುದು. ಅಕ್ಕಪಕ್ಕದ ಎರಡು ಕಿಟ್‌ಗಳಲ್ಲಿ ಒಂದೇ ಪ್ರೋಗ್ರಾಮು ಎರಡು ವೇಗದಲ್ಲಿ ಓಡಿದರೆ ಮೊದಲು ನೋಡಬೇಕಾದ್ದು ಅದನ್ನು.

ಸಿ ಭಾಷೆಯ ಖಾಲಿ ಲೂಪಿಗೆ ಕಂಪೈಲರಿನ ಕೈಚಳಕವೂ ಸೇರುತ್ತದೆ. ಆಪ್ಟಿಮೈಸೇಷನ್ ಹೆಚ್ಚಿಸಿದರೆ ಲೂಪಿನ ಸೈಕಲ್ ಬದಲಾಗುತ್ತದೆ, ಕೆಲವು ಕಂಪೈಲರುಗಳು ‘ವೊಲಟೈಲ್’ ಇಲ್ಲದ ಖಾಲಿ ಲೂಪನ್ನು ಪೂರ್ತಿ ಕಿತ್ತೇ ಹಾಕುತ್ತವೆ. ಸಿಮ್ಯುಲೇಟರಿನಲ್ಲಿ ನೋಡಿದ ಹೆಕ್ಸ್ ಫೈಲೇ ಬೋರ್ಡಿಗೂ ಹೋಗಿದೆಯೇ ಎಂಬುದನ್ನು ಪ್ರತಿ ಸಲ ಖಾತ್ರಿ ಮಾಡಿಕೊಳ್ಳಬೇಕು.

ಎಆರ್‌ಎಂ ಕಡೆ ಬಂದರೆ ನೆಲವೇ ಬದಲಾಗುತ್ತದೆ. ಎಲ್‌ಪಿಸಿ2148 ಬೋರ್ಡಿನಲ್ಲಿ 12 ಮೆಗಾಹರ್ಟ್ಸ್ ಕ್ರಿಸ್ಟಲ್ಲನ್ನು ಪಿಎಲ್‌ಎಲ್ ಐದು ಪಟ್ಟು ಹೆಚ್ಚಿಸಿ 60 ಮಾಡುತ್ತದೆ, ಟೈಮರ್ ಮತ್ತು ಸೀರಿಯಲ್ ಭಾಗಗಳಿಗೆ ಅದರ ಕಾಲುಭಾಗ, ಅಂದರೆ 15 ಮೆಗಾಹರ್ಟ್ಸ್, ತಲುಪುತ್ತದೆ. ಲ್ಯಾಬ್ ಪ್ರೋಗ್ರಾಮುಗಳಲ್ಲಿ ಬಾಡ್‌ಗಾಗಿ ಬರೆಯುವ 97 ಎಂಬ ಸಂಖ್ಯೆ ಈ 15ನ್ನು ನಂಬಿಕೊಂಡದ್ದು. ಪಿಎಲ್‌ಎಲ್ ಚಾಲೂ ಮಾಡುವುದು ಸ್ಟಾರ್ಟಪ್ ಫೈಲು. ಪ್ರಾಜೆಕ್ಟಿಗೆ ಅದನ್ನು ಸೇರಿಸುವುದು ಮರೆತರೆ ಕೋರು 12ರಲ್ಲಿ, ಸೀರಿಯಲ್ಲು 3ರಲ್ಲಿ ಓಡಿ 9600 ಬಾಡ್ ಹೋಗಿ ಸುಮಾರು 1930 ಆಗುತ್ತದೆ. ಇಷ್ಟನ್ನು ಕೈಲ್‌ನ ಗಡಿಯಾರದ ಪೆಟ್ಟಿಗೆ ತೆರೆದರೆ ಕಂಡುಹಿಡಿಯಬಹುದು. ಫ್ಲ್ಯಾಶ್ ಮೆಮೊರಿಯ ವೇಗ ಹಾಗಲ್ಲ. ಈ ಚಿಪ್ಪಿನ ಫ್ಲ್ಯಾಶ್ 20 ಮೆಗಾಹರ್ಟ್ಸ್‌ವರೆಗೆ ಮಾತ್ರ ಒಂದೇ ಸೈಕಲ್ಲಿನಲ್ಲಿ ಉತ್ತರ ಕೊಡುತ್ತದೆ. 60ರಲ್ಲಿ ಮೂರು ಸೈಕಲ್ ಬೇಕು. ಆ ಕೊರತೆ ಮುಚ್ಚಲು ಮ್ಯಾಮ್ ಎಂಬ ವೇಗವರ್ಧಕವಿದೆ, ರಿಸೆಟ್ ಆದಾಗ ಅದು ಮುಚ್ಚಿರುತ್ತದೆ. ಮ್ಯಾಮ್ ತೆರೆದಾಗ ನೇರವಾಗಿ ಸಾಗುವ ಕೋಡು ಸಲೀಸಾಗಿ ಓಡುತ್ತದೆ, ಜಿಗಿತ ಬಂದಲ್ಲಿ ಮತ್ತೆ ಕಾಯಬೇಕು. ಎಸ್‌ಟಿಎಂ32ಎಫ್103ರಲ್ಲಿಯೂ ಕಥೆ ಇದೇ: 24 ಮೆಗಾಹರ್ಟ್ಸ್‌ವರೆಗೆ ಕಾಯುವಿಕೆ ಇಲ್ಲ, 48ರವರೆಗೆ ಒಂದು, 72ರವರೆಗೆ ಎರಡು ಸೈಕಲ್. ಅದರೊಳಗಿನ ಕಾರ್ಟೆಕ್ಸ್ ಎಂ3 ಕೋರಿನ ಭಾಗಾಕಾರಕ್ಕೆ ಸಂಖ್ಯೆಗಳನ್ನು ಅನುಸರಿಸಿ 2ರಿಂದ 12 ಸೈಕಲ್ ಹಿಡಿಯುತ್ತದೆ. ಅಂದರೆ ಇಲ್ಲಿ ಇನ್‌ಸ್ಟ್ರಕ್ಷನ್ನಿಗೆ ಒಂದೇ ಬೆಲೆ ಇಲ್ಲ. ಹಿಂದೆ ಏನಾಯಿತು ಎಂಬುದರ ಮೇಲೆ ಅದು ನಿಂತಿದೆ.

ಸಾಮಾನ್ಯ ಬಳಕೆಯ ಸಿಮ್ಯುಲೇಟರುಗಳು ಈ ಕಾಯುವಿಕೆಯನ್ನು ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕ್ಯುಇಎಂಯು ತಯಾರಕರು ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ: ಇನ್‌ಸ್ಟ್ರಕ್ಷನ್ ಎಣಿಸುವ ಅದರ ‘ಐಕೌಂಟ್’ ಆಯ್ಕೆ ಪ್ರತಿ ಸಲ ಒಂದೇ ರೀತಿಯ ಓಟವನ್ನು ಕೊಡಬಲ್ಲದು, ಸೈಕಲ್ ಮಟ್ಟದ ನಿಖರತೆ ಕೊಡಲಾರದು. ರಿನೋಡ್‌ನಲ್ಲಿ ಸೆಕೆಂಡಿಗೆ ಎಷ್ಟು ಮಿಲಿಯನ್ ಇನ್‌ಸ್ಟ್ರಕ್ಷನ್ ಎಂಬ ಸಂಖ್ಯೆಯನ್ನು ಬಳಸುವವರೇ ತುಂಬುತ್ತಾರೆ. ಇಂಥ ಸಾಧನಗಳು ತರ್ಕ ಪರೀಕ್ಷಿಸಲು ಬಹಳ ಒಳ್ಳೆಯವು. ಅವು ತೋರಿಸಿದ ಮೈಕ್ರೋಸೆಕೆಂಡನ್ನು ರೆಕಾರ್ಡಿನಲ್ಲಿ ಬರೆಯುವುದು ಮಾತ್ರ ತಪ್ಪು.

ಕಂಪ್ಯೂಟರಿನ ಗೋಡೆ ಗಡಿಯಾರಕ್ಕೂ ಸಿಮ್ಯುಲೇಟರಿನ ಒಳಗಿನ ಕಾಲಕ್ಕೂ ನಂಟಿಲ್ಲ ಎಂಬುದನ್ನು ಆರಂಭದಲ್ಲಿ ಬಹಳ ಮಂದಿ ಗಮನಿಸುವುದಿಲ್ಲ. ಪ್ರೋಟಿಯಸ್‌ನಲ್ಲಿ ನಕ್ಷೆ ಭಾರವಾದರೆ ಸಿಮ್ಯುಲೇಷನ್ ನಿಜಕಾಲದಲ್ಲಿ ಓಡುತ್ತಿಲ್ಲ ಎಂಬ ಸೂಚನೆ ಬರುತ್ತದೆ, ವೋಕ್ವಿ ಎಂಬ ಸಿಮ್ಯುಲೇಟರ್ ಎಷ್ಟು ಶೇಕಡಾ ವೇಗದಲ್ಲಿ ಓಡುತ್ತಿದೆ ಎಂದು ತೋರಿಸುತ್ತದೆ. ಎಲ್‌ಇಡಿ ನಿಧಾನವಾಗಿ ಮಿನುಗಿತು ಎಂದು ಡಿಲೇ ಸಂಖ್ಯೆಯನ್ನು ಕಡಿಮೆ ಮಾಡಿದರೆ, ಹಳೆಯ ಲ್ಯಾಪ್‌ಟಾಪಿನ ಆಲಸ್ಯವನ್ನು ಪ್ರೋಗ್ರಾಮಿನೊಳಗೆ ಬರೆದಂತಾಯಿತು. ನೋಡಬೇಕಾದ್ದು ಸಿಮ್ಯುಲೇಟರ್ ಒಳಗೆ ಎಣಿಸಿದ ಸಮಯವನ್ನೇ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಚಿಪ್ಪಿನ ಕಾಲಿನ ಆಚೆ ಇರುವ ಲೋಕ ಉಳಿಯುತ್ತದೆ. ಎಚ್‌ಡಿ44780 ಜಾತಿಯ ಎಲ್‌ಸಿಡಿಗೆ ಪರದೆ ಒರೆಸಲು 1.52 ಮಿಲಿಸೆಕೆಂಡು ಬೇಕು, 5 ವೋಲ್ಟ್ ಪವರ್ ಬಂದ ಮೇಲೆ ಮೊದಲ ಆಜ್ಞೆಗೆ 15 ಮಿಲಿಸೆಕೆಂಡಾದರೂ ಕಾಯಬೇಕು. ಸಿಮ್ಯುಲೇಟರಿನ ಎಲ್‌ಸಿಡಿ ಇಷ್ಟು ಕಟ್ಟುನಿಟ್ಟಿನದಲ್ಲದಿದ್ದರೆ ಕಾಯುವಿಕೆ ಇಲ್ಲದ ಕೋಡೂ ಅಲ್ಲಿ ಅಕ್ಷರ ಮೂಡಿಸುತ್ತದೆ, ನಿಜವಾದ ಎಲ್‌ಸಿಡಿ ಕಪ್ಪು ಚೌಕಗಳನ್ನು ತೋರಿಸಿ ಸುಮ್ಮನಾಗುತ್ತದೆ. ಡಿಎಸ್18ಬಿ20 ಉಷ್ಣತಾ ಸಂವೇದಕ 12 ಬಿಟ್ಟಿನ ಅಳತೆಗೆ 750 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಮೌಸಿನಿಂದ ಒತ್ತಿದ ಗುಂಡಿ ಒಮ್ಮೆಗೇ ಸೇರುತ್ತದೆ, ಬೆರಳಿನಿಂದ ಒತ್ತಿದ್ದು ಕೆಲವು ಮಿಲಿಸೆಕೆಂಡು ಕುಪ್ಪಳಿಸಿ ಆಮೇಲೆ ಸೇರುತ್ತದೆ. ಎಕ್ಸ್‌ಟರ್ನಲ್ ಇಂಟರಪ್ಟಿನಿಂದ ಎಲ್‌ಇಡಿ ಬದಲಿಸುವ ಪ್ರಯೋಗ ಸಿಮ್ಯುಲೇಟರಿನಲ್ಲಿ ಸರಿಯಾಗಿ ಬಂದು ಕಿಟ್ಟಿನ ಮೇಲೆ ಒಮ್ಮೆ ಆಗಿ ಒಮ್ಮೆ ಆಗದೆ ಕಾಡುವುದಕ್ಕೆ ಈ ಕುಪ್ಪಳಿಕೆಯೇ ಕಾರಣ.

ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರಿನಲ್ಲಿ ಈ ಅಂತರ ಅಪಾಯದ ಮಟ್ಟ ಮುಟ್ಟುತ್ತದೆ. ಹಾವೇರಿ ಜಿಲ್ಲೆಯಲ್ಲಿ ಹೆಸ್ಕಾಂ ಕೃಷಿಗೆ ಕೊಡುವ ತ್ರೀ ಫೇಸ್ ಕರೆಂಟು ದಿನಕ್ಕೆ ಕೆಲವೇ ತಾಸು, ಪಾಳಿಯ ಮೇಲೆ ಬರುತ್ತದೆ. ಕರೆಂಟು ಬಂದದ್ದನ್ನು ಗುರುತಿಸಿ, ಸ್ವಲ್ಪ ಹೊತ್ತು ಕಾದು, ಮೋಟಾರು ಚಾಲೂ ಮಾಡುವ ಪೆಟ್ಟಿಗೆ ಈ ಭಾಗದ ರೈತರಿಗೆ ಚೆನ್ನಾಗಿ ಗೊತ್ತು. ಎಂಜಿನಿಯರಿಂಗ್ ಪ್ರಾಜೆಕ್ಟಿಗೂ ಅದು ಹೇಳಿಮಾಡಿಸಿದ ವಿಷಯ. ದೊಡ್ಡ ಮೋಟಾರಿಗೆ ಸ್ಟಾರ್-ಡೆಲ್ಟಾ ಬೇಕು. ಮೊದಲು ಸ್ಟಾರ್ ಕಾಂಟ್ಯಾಕ್ಟರ್ ಹಿಡಿದು, ಮೋಟಾರು ವೇಗಕ್ಕೆ ಬಂದ ಮೇಲೆ ಅದು ಬಿಟ್ಟು ಡೆಲ್ಟಾ ಹಿಡಿಯಬೇಕು. ಪ್ರೋಗ್ರಾಮಿನಲ್ಲಿ ಸ್ಟಾರಿನ ಪಿನ್ ಕೆಳಗಿಳಿಸಿ, ಮರು ಸಾಲಿನಲ್ಲೇ ಡೆಲ್ಟಾ ಪಿನ್ ಏರಿಸಿದರೆ ಸಿಮ್ಯುಲೇಟರಿನ ಲಾಜಿಕ್ ಅನಲೈಸರ್ ಕಿಟಕಿಯಲ್ಲಿ ಎರಡರ ನಡುವೆ ಒಂದು ಮೈಕ್ರೋಸೆಕೆಂಡಿನ ಸ್ಪಷ್ಟ ತೆರಪು ಕಾಣುತ್ತದೆ. ಎರಡೂ ಒಟ್ಟಿಗೆ ಚಾಲೂ ಇಲ್ಲ, ಆದ್ದರಿಂದ ಸರಿ ಎಂದು ತೀರ್ಮಾನಿಸಬಹುದು. ಆದರೆ ಸಣ್ಣ ರಿಲೇ ಬಿಡುವುದಕ್ಕೇ ಕೆಲವು ಮಿಲಿಸೆಕೆಂಡು ಬೇಕು, ಕಾಂಟ್ಯಾಕ್ಟರಿನ ಕಬ್ಬಿಣದ ತುಂಡು ಸರಿದು ಕಿಡಿ ಆರಲು ಅದಕ್ಕೂ ಹೆಚ್ಚು. ಸ್ಟಾರ್ ಇನ್ನೂ ಬಿಡದಿರುವಾಗ ಡೆಲ್ಟಾ ಹಿಡಿದರೆ ಮೂರೂ ಫೇಸು ನೇರವಾಗಿ ಶಾರ್ಟ್ ಆಗುತ್ತವೆ. ಇದಕ್ಕಾಗಿಯೇ ಅನುಭವಸ್ಥ ವೈರ್‌ಮನ್‌ಗಳು ಕಾಂಟ್ಯಾಕ್ಟರಿನ ಎನ್‌ಸಿ ಸಂಪರ್ಕಗಳಿಂದ ಇಂಟರ್‌ಲಾಕ್ ಹಾಕದೆ ಬಿಡುವುದಿಲ್ಲ. ಪ್ರೋಗ್ರಾಮಿನಲ್ಲಿ ತೆರಪು ಎಷ್ಟೇ ಇಟ್ಟಿದ್ದರೂ ಆ ವೈರು ಇರಲೇಬೇಕು.

ಬ್ರೇಕ್‌ಪಾಯಿಂಟಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಸಿಮ್ಯುಲೇಟರಿನಲ್ಲಿ ಪ್ರೋಗ್ರಾಮು ನಿಂತರೆ ಟೈಮರು, ಸೀರಿಯಲ್ಲು, ಮೋಟಾರಿನ ಚಿತ್ರ, ಎಲ್ಲವೂ ನಿಲ್ಲುತ್ತವೆ. ಮತ್ತೆ ಮುಂದುವರಿಸಿದಾಗ ಕಾಲ ಬಿಟ್ಟಲ್ಲಿಂದಲೇ ಶುರು. ನಿಜವಾದ ಚಿಪ್ಪನ್ನು ಜೆಟ್ಯಾಗ್‌ನಿಂದ ನಿಲ್ಲಿಸಿದರೆ ಕೋರು ಮಾತ್ರ ನಿಲ್ಲುತ್ತದೆ. ಎಸ್‌ಟಿಎಂ32ರಂಥ ಚಿಪ್ಪುಗಳಲ್ಲಿ ಟೈಮರು, ವಾಚ್‌ಡಾಗ್ ನಿಲ್ಲಬೇಕೇ ಎಂಬುದನ್ನು ಬೇರೆಯಾಗಿ ಬಿಟ್ಟುಗಳಲ್ಲಿ ಹೇಳಬೇಕು. ಏರಿಸಿದ ಪಿನ್ ಏರಿಯೇ ಇರುತ್ತದೆ, ಪಂಪು ನೀರೆತ್ತುತ್ತಲೇ ಇರುತ್ತದೆ. ಕರೆಂಟು ಬಂದು, ಕುಸಿದು, ಮತ್ತೆ ಬರುವಾಗ ಚಿಪ್ಪು ಅರೆಬರೆ ರಿಸೆಟ್ ಆಗುವ ಸ್ಥಿತಿಯಂತೂ ಸಿಮ್ಯುಲೇಟರಿಗೆ ಅಪರಿಚಿತ, ಅಲ್ಲಿ ಪ್ರತಿ ಓಟವೂ ಶುದ್ಧ ರಿಸೆಟ್‌ನಿಂದ ಶುರುವಾಗುತ್ತದೆ.

ಹಾಗೆಂದು ಸಿಮ್ಯುಲೇಟರನ್ನು ಕಡೆಗಣಿಸುವುದು ತಪ್ಪು. ಸಿಆರ್‌ಒ (ಆಸಿಲೋಸ್ಕೋಪ್) ಮುಂದೆ ತಾಸುಗಟ್ಟಲೆ ಕೂತರೂ ಸಿಗದ ತಪ್ಪುಗಳು ಅದರಲ್ಲಿ ಸುಲಭವಾಗಿ ಸಿಗುತ್ತವೆ. ಟೈಮರ್ ಇಂಟರಪ್ಟಿನಿಂದ ಗಡಿಯಾರ ಮಾಡುವ ಪ್ರೋಗ್ರಾಮು ಇದಕ್ಕೆ ಒಳ್ಳೆಯ ಉದಾಹರಣೆ. 12 ಮೆಗಾಹರ್ಟ್ಸ್ ಕ್ರಿಸ್ಟಲ್ಲಿನಲ್ಲಿ 50 ಮಿಲಿಸೆಕೆಂಡಿಗೊಂದು ಇಂಟರಪ್ಟ್ ಬೇಕಾದರೆ 65,536ರಿಂದ 50,000 ಕಳೆದು 15,536ನ್ನು ಟೈಮರಿಗೆ ತುಂಬುತ್ತಾರೆ. 20 ಇಂಟರಪ್ಟಿಗೆ ಒಂದು ಸೆಕೆಂಡು. ಆದರೆ ಟೈಮರು ಉರುಳಿದ ಕ್ಷಣಕ್ಕೂ ಮತ್ತೆ ತುಂಬುವ ಕ್ಷಣಕ್ಕೂ ನಡುವೆ ಸುಮಾರು 10 ಮೈಕ್ರೋಸೆಕೆಂಡು ಕಳೆದುಹೋದರೆ ಸೆಕೆಂಡಿಗೆ 200 ಮೈಕ್ರೋಸೆಕೆಂಡು, ದಿನಕ್ಕೆ 17 ಸೆಕೆಂಡು ಗಡಿಯಾರ ಹಿಂದೆ ಬೀಳುತ್ತದೆ. ಸಿಆರ್‌ಒ ಪರದೆಯ ಮೇಲೆ 50 ಮಿಲಿಸೆಕೆಂಡಿನಲ್ಲಿ 10 ಮೈಕ್ರೋಸೆಕೆಂಡಿನ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಸಿಮ್ಯುಲೇಟರಿನಲ್ಲಿ ಇಂಟರಪ್ಟ್ ರೊಟೀನಿನ ಮೊದಲ ಸಾಲಿಗೆ ಬ್ರೇಕ್‌ಪಾಯಿಂಟ್ ಇಟ್ಟು ಎರಡು ನಿಲುಗಡೆಗಳ ಎಣಿಕೆ ಕಳೆದರೆ 50,000 ಬದಲು 50,010 ಎಂದು ನೇರವಾಗಿ ಕಾಣುತ್ತದೆ. ತುಂಬುವ ಸಂಖ್ಯೆಯಲ್ಲಿ ಅಷ್ಟನ್ನು ಸರಿದೂಗಿಸಿದರೆ, ಇಲ್ಲವೇ ತಾನೇ ತುಂಬಿಕೊಳ್ಳುವ ಮೋಡ್ 2ಕ್ಕೆ ಹೋದರೆ ತಪ್ಪು ಹೋಗುತ್ತದೆ. ಆಮೇಲೆ ಉಳಿಯುವುದು ಕ್ರಿಸ್ಟಲ್ಲಿನ ಸ್ವಂತ ತಪ್ಪು: 50 ಪಿಪಿಎಂ ಆದರೆ ದಿನಕ್ಕೆ 4.3 ಸೆಕೆಂಡು. ಅದನ್ನು ಹೇಳಬಲ್ಲದ್ದು ಬೋರ್ಡು ಮಾತ್ರ.

ಎರಡು ದಾರಿಗಳಲ್ಲಿ ಯಾವ ಕೋಡು ಬೇಗ ಮುಗಿಯುತ್ತದೆ, ಇಂಟರಪ್ಟ್ ರೊಟೀನು ಹೆಚ್ಚೆಂದರೆ ಎಷ್ಟು ಸೈಕಲ್ ತಿನ್ನುತ್ತದೆ, ಒಂದರ ಹಿಂದೊಂದು ಎರಡು ಇಂಟರಪ್ಟ್ ಬಂದರೆ ಏನಾಗುತ್ತದೆ, ಇವನ್ನೆಲ್ಲ 8051, ಎವಿಆರ್, ಪಿಐಸಿಯಂಥ ಸರಳ ಚಿಪ್ಪುಗಳ ಮಟ್ಟಿಗೆ ಸಿಮ್ಯುಲೇಟರಿನಿಂದಲೇ ತೀರ್ಮಾನಿಸಬಹುದು. ಎಆರ್‌ಎಂ ಚಿಪ್ಪಿನಲ್ಲಿ ಅದರ ಮಾತನ್ನು ಅಂದಾಜೆಂದು ಹಿಡಿದು, ಕಾರ್ಟೆಕ್ಸ್ ಎಂ3ರೊಳಗೇ ಇರುವ ಸೈಕಲ್ ಎಣಿಕೆಯ ರಿಜಿಸ್ಟರನ್ನು ಬೋರ್ಡಿನ ಮೇಲೆ ಓದುವುದು ಲೇಸು. ರೊಟೀನಿನ ಆರಂಭದಲ್ಲಿ ಒಂದು ಖಾಲಿ ಪಿನ್ ಏರಿಸಿ ಕೊನೆಯಲ್ಲಿ ಇಳಿಸಿ, ಅದನ್ನು ಸಿಆರ್‌ಒ ಅಥವಾ 24 ಮೆಗಾಹರ್ಟ್ಸ್‌ನ ಅಗ್ಗದ ಯುಎಸ್‌ಬಿ ಲಾಜಿಕ್ ಅನಲೈಸರಿನಲ್ಲಿ ನೋಡುವುದು ಎಲ್ಲ ಚಿಪ್ಪಿಗೂ ಒಗ್ಗುವ ಹಳೆಯ ವಿಧಾನ.

ಲ್ಯಾಬ್ ರೆಕಾರ್ಡಿನಲ್ಲಿ ಪ್ರತಿ ಡಿಲೇ ಪ್ರಯೋಗಕ್ಕೂ ಎರಡು ಅಂಕಣ ಇರಬೇಕು: ಸಿಮ್ಯುಲೇಟರ್ ಎಣಿಸಿದ ಸಮಯ ಒಂದು, ಬೋರ್ಡಿನ ಮೇಲೆ ಅಳೆದ ಸಮಯ ಇನ್ನೊಂದು. ಎರಡರ ನಡುವಿನ ವ್ಯತ್ಯಾಸಕ್ಕೆ ಕಾರಣ ಬರೆಯಲು ವಿದ್ಯಾರ್ಥಿಯನ್ನು ಕೇಳಿದರೆ ಮೈಕ್ರೋಕಂಟ್ರೋಲರ್ ವಿಷಯದ ಅರ್ಧ ಪಾಠ ಅಲ್ಲಿಯೇ ಆಗುತ್ತದೆ. ಮನೆಯಲ್ಲಿ ಬೋರ್ಡಿದ್ದು ಸಿಆರ್‌ಒ ಇಲ್ಲದವರು ಮೊಬೈಲಿನ ಸ್ಟಾಪ್‌ವಾಚನ್ನೇ ಬಳಸಬಹುದು. ಸೆಕೆಂಡಿಗೊಮ್ಮೆ ಮಿನುಗುವ ಎಲ್‌ಇಡಿಯನ್ನು 600 ಸಲ ಮಿನುಗಿಸಿ ನಿಲ್ಲುವ ಹಾಗೆ ಪ್ರೋಗ್ರಾಮು ಬರೆದು ಆರಂಭದಿಂದ ಕೊನೆಯವರೆಗೆ ಅಳೆಯಿರಿ. 11.0592 ಎಂದು ನಂಬಿ ಬರೆದ ಪ್ರೋಗ್ರಾಮು 12 ಮೆಗಾಹರ್ಟ್ಸ್ ಬೋರ್ಡಿನ ಮೇಲಿದ್ದರೆ ಅದು 600 ಸೆಕೆಂಡಿನ ಬದಲು 553 ಸೆಕೆಂಡಿಗೇ ನಿಲ್ಲುತ್ತದೆ.